ಹೊಸ ಸ್ಟ್ಯಾಂಡ್ ಮಿಕ್ಸರ್ ಪರೀಕ್ಷೆಗೆ ಕುಕೀ ಮಾಡೋಣ ಅಂತಿದ್ದೇನೆ, ಮುಂಬೈ ಸೆಖೆಯಲ್ಲಿ ಬೆಣ್ಣೆ ನಿಲ್ಲುತ್ತಾ?

ಡೊಂಬಿವಲಿ ಸೊಸೆ

ಎಲ್ಲರಿಗೂ ನಮಸ್ಕಾರ. ಮನೆಗೆ ಸ್ಟ್ಯಾಂಡ್ ಮಿಕ್ಸರ್ (ಬೌಲಿನಲ್ಲಿ ಹಿಟ್ಟು ಕಲಸುವ ಮೆಷಿನ್) ಬಂದಿದೆ. ಬೌಲ್ 5 ಲೀಟರಿನದು, ಸ್ಟೀಲು. ಮೇಲಿನ ತಲೆಯನ್ನು ಹಿಂದಕ್ಕೆ ಎತ್ತಬಹುದು. ಜೊತೆಗೆ ಚಪ್ಪಟೆ ಬೀಟರ್, ತಂತಿಯ ವಿಸ್ಕ್, ಹಿಟ್ಟು ನಾದುವ ಹುಕ್ ಕೊಟ್ಟಿದ್ದಾರೆ. ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಇದನ್ನು ಸರಿಯಾಗಿ ಪರೀಕ್ಷೆ ಮಾಡಬೇಕು. ಕೊಟ್ಟ ದುಡ್ಡು ಸಣ್ಣದಲ್ಲ, ಅಡುಗೆಮನೆ ಕಟ್ಟೆಯಲ್ಲಿ ಜಾಗವೂ ಜಾಸ್ತಿ ಇಲ್ಲ. ಚೆನ್ನಾಗಿ ಕೆಲಸ ಮಾಡಿದರೆ ಮಾತ್ರ ಇಟ್ಟುಕೊಳ್ಳೋಣ ಅಂತ.

ಚಾಕೊಲೇಟ್ ಚಿಪ್ ಕುಕೀ ಮಾಡಿ ನೋಡುವ ಯೋಚನೆ. ನಮ್ಮ ಮಾವ ಮೊಟ್ಟೆ ತಿನ್ನುವುದಿಲ್ಲ, ಹಾಗಾಗಿ ಮೊಟ್ಟೆ ಇಲ್ಲದ್ದೇ ಆಗಬೇಕು. ಅಳತೆ ಹೀಗಿದೆ: ಬೆಣ್ಣೆ 100 ಗ್ರಾಂ, ಸಕ್ಕರೆ 50, ಬ್ರೌನ್ ಶುಗರ್ 50, ಮೈದಾ 150, ಅಡುಗೆ ಸೋಡಾ ಕಾಲು ಟೀ ಚಮಚ, ಹಾಲು 2 ದೊಡ್ಡ ಚಮಚ, ಚಿಪ್ಸ್ 80 ಗ್ರಾಂ.

ಯಾವ ರೆಸಿಪಿ ನೋಡಿದರೂ ಬೆಣ್ಣೆ ರೂಮ್ ಟೆಂಪರೇಚರಿಗೆ ಬರಲಿ ಅಂತಾರೆ. ನಮ್ಮ ರೂಮಿನಲ್ಲಿ ಈಗ 32 ಡಿಗ್ರಿ. ಬೆಣ್ಣೆ ಹೊರಗಿಟ್ಟರೆ ಸ್ವಲ್ಪ ಹೊತ್ತಿಗೇ ಅಂಚು ಕರಗಿ ಹೊಳೆಯಲು ಶುರುವಾಗುತ್ತದೆ. ಏನು ಮಾಡುವುದು? ಮತ್ತೆ, ಕುಕೀ ಒಂದರಿಂದಲೇ ಮೆಷಿನ್ ಹೇಗಿದೆ ಅಂತ ಗೊತ್ತಾಗುತ್ತಾ?

ಬೋರಿವಲಿ ಭಟ್ರು

ಕುಕೀ ಮಾಡಲು ಅಷ್ಟು ದೊಡ್ಡ ಮೆಷಿನ್ ಯಾಕಮ್ಮ? ಒಂದು ಪಾತ್ರೆ, ಒಂದು ಮರದ ಸೌಟು ಸಾಕು. ಮುಂಬೈ ಅಡುಗೆಮನೆಯಲ್ಲಿ ಮಿಕ್ಸಿ, ಗ್ರೈಂಡರ್, ಓಟಿಜಿ (ಕರೆಂಟಿನ ಚಿಕ್ಕ ಓವನ್) ಇಟ್ಟ ಮೇಲೆ ತರಕಾರಿ ಹೆಚ್ಚಲೂ ಜಾಗ ಉಳಿಯುವುದಿಲ್ಲ. ಗಡುವು ಇದೆ ಅಂದರೆ ವಾಪಸ್ ಕೊಟ್ಟುಬಿಡಿ.

ಠಾಣೆ ಬೇಕರಮ್ಮ

ಭಟ್ರೇ, ಅವರು ಪರೀಕ್ಷೆ ಹೇಗೆ ಮಾಡಲಿ ಅಂತ ಕೇಳಿದ್ದಾರೆ. ಬೇಕಾ ಬೇಡವಾ ಅಂತ ಕೇಳಿಲ್ಲ.

ಸೊಸೆ, ಕುಕೀಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ನಾನು ಮನೆಯಿಂದಲೇ ಆರ್ಡರ್ ತಗೊಂಡು ಮಾಡಿಕೊಡುವವಳು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಕೇಕಿನ ಹಿಟ್ಟು ತೆಳು. ಅದನ್ನು ಯಾವ ಮೆಷಿನ್ ಬೇಕಾದರೂ ತಿರುಗಿಸುತ್ತದೆ. ಕುಕೀಯಲ್ಲಿ ಒಂದೇ ಬೌಲಿನಲ್ಲಿ ಬೇರೆ ಬೇರೆ ಥರದ ಕೆಲಸ ಬರುತ್ತದೆ. ಮೊದಲು ಬೆಣ್ಣೆ, ಸಕ್ಕರೆ ಸೇರಿಸಿ ಬೀಟ್ ಮಾಡುತ್ತೇವಲ್ಲ, ಆಗ ಸಕ್ಕರೆಯ ಹರಳು ಬೆಣ್ಣೆಯೊಳಗೆ ನುಗ್ಗಿ ಸಣ್ಣ ಸಣ್ಣ ಗಾಳಿ ಗುಳ್ಳೆ ಕೂರಿಸುತ್ತದೆ. ಓವನ್ನಿನಲ್ಲಿ ಸೋಡಾದಿಂದ ಬರುವ ಗ್ಯಾಸು ಈ ಗುಳ್ಳೆಗಳನ್ನೇ ಹಿಗ್ಗಿಸುವುದು. ಗುಳ್ಳೆ ಕಡಿಮೆಯಾದರೆ ಎಷ್ಟು ಸೋಡಾ ಹಾಕಿದರೂ ಅಷ್ಟು ಉಪಯೋಗವಿಲ್ಲ. ಆಮೇಲೆ ಮೈದಾ. ಅದನ್ನು ತೀರಾ ಕಡಿಮೆ ಸ್ಪೀಡಿನಲ್ಲಿ ಬೆರೆಸಬೇಕು. ಮೊದಲ ಸ್ಪೀಡೇ ಜೋರಾಗಿರುವ ಮೆಷಿನ್ ಆದರೆ ಹಿಟ್ಟೆಲ್ಲ ಗೋಡೆಗೆ. ಕೊನೆಯಲ್ಲಿ ಚಿಪ್ಸ್ ಬಿದ್ದ ಗಟ್ಟಿ ಮುದ್ದೆ ತಿರುಗಬೇಕು. ಆಗ ತಲೆ ಎಗರುತ್ತದಾ, ಮೋಟರ್ ಸದ್ದು ಬದಲಾಗುತ್ತದಾ, ಸುಟ್ಟ ವಾಸನೆ ಬರುತ್ತದಾ ಅಂತ ಗಮನಿಸಿ. ಇದಕ್ಕಿಂತ ಜಾಸ್ತಿ ಏನು ಬೇಕು ಹೇಳಿ.

ನಿಮ್ಮ ಅಳತೆ ಮಾತ್ರ ಸಾಲದು. 5 ಲೀಟರ್ ಬೌಲಿಗೆ 100 ಗ್ರಾಂ ಬೆಣ್ಣೆ ಹಾಕಿದರೆ ಅಷ್ಟೂ ಬದಿಗೆ ಮೆತ್ತಿಕೊಂಡು ಕೂರುತ್ತದೆ. ಬೀಟರ್ ಗಾಳಿಯಲ್ಲಿ ತಿರುಗುತ್ತಿರುತ್ತದೆ. ಆಮೇಲೆ ಮೆಷಿನ್ ಸರಿಯಿಲ್ಲ ಅಂತ ವಾಪಸ್ ಕಳಿಸುತ್ತೀರಿ. ಎಲ್ಲವನ್ನೂ ಎರಡರಷ್ಟು ಮಾಡಿ. ಬೆಣ್ಣೆ 200 ಗ್ರಾಂ ಇರಲೇಬೇಕು.

ಕೋಥ್ರೂಡ್ ಕನ್ನಡಿಗ

ಬೆಣ್ಣೆ ವಿಷಯಕ್ಕೆ ಬರುತ್ತೇನೆ. ಬೀಟ್ ಮಾಡಲು ಬೆಣ್ಣೆ 18ರಿಂದ 20 ಡಿಗ್ರಿ ಇದ್ದರೆ ಸರಿ. ಆ ರೂಮ್ ಟೆಂಪರೇಚರ್ ಮಾತು ಚಳಿ ದೇಶದವರದು. ಪುಣೆಯಲ್ಲಿ ಡಿಸೆಂಬರ್, ಜನವರಿಯಲ್ಲಿ ನಮಗೂ ಅದು ನಡೆಯುತ್ತದೆ. ಬೆಳಿಗ್ಗೆ ಬೆಣ್ಣೆ ಕಟ್ಟೆ ಮೇಲಿಟ್ಟರೆ ತಿಂಡಿ ಮುಗಿಯುವ ಹೊತ್ತಿಗೆ ಹದವಾಗಿರುತ್ತದೆ. ಏಪ್ರಿಲ್, ಮೇಯಲ್ಲಿ ಇಲ್ಲೂ ನಡೆಯುವುದಿಲ್ಲ. ಮುಂಬೈಯಲ್ಲಂತೂ ವರ್ಷದ ಬಹುಪಾಲು ನಡೆಯುವುದಿಲ್ಲ.

ಫ್ರಿಜ್ಜಿನಿಂದ ತೆಗೆದು ಸಣ್ಣ ತುಂಡು ಮಾಡಿ. ನಿಮ್ಮ ಸೆಖೆಗೆ ಹತ್ತು ನಿಮಿಷ ಸಾಕು. ಬೆರಳಿಂದ ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳು ಒಳಗೆ ಜಾರಿ ಹೋಗಬಾರದು. ಮುಟ್ಟಿದಾಗ ಇನ್ನೂ ತಣ್ಣಗಿರಬೇಕು. ಬೆಣ್ಣೆ ಪೂರ್ತಿ ನೀರಾಗುವುದು 35 ಡಿಗ್ರಿ ಸುಮಾರಿಗೆ, ನಿಜ. ಆದರೆ ಗಾಳಿ ಹಿಡಿಯುವ ಶಕ್ತಿ ಅದಕ್ಕಿಂತ ಬಹಳ ಮೊದಲೇ ಹೋಗುತ್ತದೆ.

ಇನ್ನೊಂದು ಮುಖ್ಯ ಮಾತು. ಮೆಷಿನ್ ತಿರುಗುವಾಗ ತಿಕ್ಕಾಟದಿಂದಲೂ ಬೆಣ್ಣೆ ಬಿಸಿಯಾಗುತ್ತದೆ. ಹಾಗಾಗಿ ಶುರುವಿನಲ್ಲಿ ಸ್ವಲ್ಪ ತಣ್ಣಗಿದ್ದರೇ ಒಳ್ಳೆಯದು.

ಅಂಧೇರಿ ಅಮ್ಮ

ಸ್ಟೀಲ್ ಬೌಲನ್ನೂ ಬೀಟರನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ನಾನು ಯಾವಾಗಲೂ ಹಾಗೇ ಮಾಡುವುದು.

ಮಾಟುಂಗಾ ಮಾಮ

ಮೊದಲ ಸಲ ಬಳಸುವ ಮುನ್ನ ಬೌಲ್, ಬೀಟರ್ ಎಲ್ಲ ಬಿಸಿನೀರು, ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಬೀಟರ್ ಸಿಕ್ಕಿಸುವ ಕಡ್ಡಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಗ್ರೀಸ್ ಇದ್ದರೆ ತೆಗೆಯಿರಿ. ಆಮೇಲೆ ಖಾಲಿ ಬೌಲಿನಲ್ಲಿ ಕಡಿಮೆ ಸ್ಪೀಡಿನಿಂದ ಒಂದೊಂದೇ ಏರಿಸಿ ಸದ್ದು ಕೇಳಿ. ಕರಕರ ಅಂತ ಲೋಹ ಉಜ್ಜುವ ಸದ್ದು ಬಂದರೆ ಬೀಟರ್ ತಳಕ್ಕೆ ತಾಗುತ್ತಿದೆ ಅಂತ.

ಎತ್ತರ ನೋಡಲು ಸುಲಭದ ದಾರಿ ಇದೆ. ತೊಳೆದ ಒಂದು ರೂಪಾಯಿ ನಾಣ್ಯವನ್ನು ಬೌಲಿನ ತಳದಲ್ಲಿ ಹಾಕಿ, ಚಪ್ಪಟೆ ಬೀಟರ್ ಸಿಕ್ಕಿಸಿ ತೀರಾ ನಿಧಾನಕ್ಕೆ ತಿರುಗಿಸಿ. ಬೀಟರ್ ಸುತ್ತಿ ಬಂದಾಗಲೆಲ್ಲ ನಾಣ್ಯ ಸ್ವಲ್ಪ ಸ್ವಲ್ಪ ಸರಿಯಬೇಕು. ಅಲ್ಲಾಡದೇ ಕೂತರೆ ಬೀಟರ್ ಮೇಲಿದೆ, ತಳದ ಬೆಣ್ಣೆ ಹಾಗೇ ಉಳಿಯುತ್ತದೆ. ನಾಣ್ಯವನ್ನು ಒಂದೇ ಸಮ ಎಳೆದುಕೊಂಡು ಹೋದರೆ ಬೀಟರ್ ಜಾಸ್ತಿ ಕೆಳಗಿದೆ. ಕೆಲವು ಮೆಷಿನ್‌ಗಳಲ್ಲಿ ತಲೆ ಎತ್ತಿದಾಗ ಕುತ್ತಿಗೆಯ ಬಳಿ ಒಂದು ಸ್ಕ್ರೂ ಕಾಣುತ್ತದೆ. ಪ್ಲಗ್ ತೆಗೆದು ಆ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಸರಿ ಮಾಡಿಕೊಳ್ಳಬಹುದು. ಅಂಥ ಸ್ಕ್ರೂ ಇಲ್ಲದ ಮೆಷಿನ್‌ನಲ್ಲಿ ಎತ್ತರ ತಪ್ಪಿದ್ದರೆ ಯೋಚನೆ ಮಾಡದೆ ವಾಪಸ್ ಕೊಡಿ.

ಡೊಂಬಿವಲಿ ಸೊಸೆ

ಮಾಮ, ಸ್ಕ್ರೂ ಇದೆ! ಈಗಷ್ಟೇ ನೋಡಿದೆ. ನಾಣ್ಯ ಸರಿಯುತ್ತಿದೆ, ಎತ್ತರ ಸರಿಯಾಗಿಯೇ ಇದೆ ಅಂತ ಕಾಣುತ್ತದೆ.

ಸಕ್ಕರೆ ಪುಡಿ ಮಾಡಿಕೊಳ್ಳಬೇಕಾ?

ಅಂಧೇರಿ ಅಮ್ಮ

ಹೌದು, ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿ.

ಠಾಣೆ ಬೇಕರಮ್ಮ

ಬೇಡ. ನುಣ್ಣಗೆ ಬೇಡವೇ ಬೇಡ. ಪೂರ್ತಿ ಪುಡಿಯಾದರೆ ಗಾಳಿ ಕೂರಿಸಲು ಹರಳೇ ಉಳಿಯುವುದಿಲ್ಲ.

ಅಂಧೇರಿ ಅಮ್ಮ

ನಾನು ಬೆಣ್ಣೆ ಬಿಸ್ಕತ್ತಿಗೆ ಯಾವಾಗಲೂ ಸಕ್ಕರೆ ಪುಡಿಯನ್ನೇ ಹಾಕುವುದು, ಬಾಯಲ್ಲಿ ಇಟ್ಟರೆ ಕರಗುತ್ತದೆ. ನಮ್ಮ ಅಂಗಡಿ ಸಕ್ಕರೆಯ ಹರಳು ಎಷ್ಟು ದಪ್ಪ ಅಂತ ನಿಮಗೆ ಗೊತ್ತಲ್ಲ. ಹಾಗೇ ಹಾಕಿದರೆ ಹಲ್ಲಿಗೆ ಸಿಗುತ್ತದೆ.

ಠಾಣೆ ಬೇಕರಮ್ಮ

ಅಕ್ಕ, ಬೆಣ್ಣೆ ಬಿಸ್ಕತ್ತಿಗೆ ನೀವು ಹೇಳಿದ್ದು ಸರಿ. ಅದು ಪುಡಿಪುಡಿಯಾಗಿ ಕರಗಬೇಕಾದ್ದು. ಇವರು ಮಾಡುತ್ತಿರುವುದು ಚಿಪ್ ಕುಕೀ. ಅಂಚು ಗರಿಗರಿ, ನಡುವೆ ಮೆತ್ತಗೆ ಬರಬೇಕು. ದಪ್ಪ ಹರಳಿನ ಸಕ್ಕರೆಯನ್ನು ಮಿಕ್ಸಿಯಲ್ಲಿ ಎರಡು ಸಲ ಸುಮ್ನೆ ಝುಂ ಅನಿಸಿ ನಿಲ್ಲಿಸಬೇಕು. ಸಣ್ಣ ರವೆಯಷ್ಟು ತರಿ ಇದ್ದರೆ ಸಾಕು. ಬ್ರೌನ್ ಶುಗರ್ ಹೇಗೂ ಮೆತ್ತಗಿರುತ್ತದೆ, ಅದನ್ನು ಮುಟ್ಟಬೇಡಿ. ಅದರಲ್ಲಿರುವ ಕಾಕಂಬಿಯಿಂದಲೇ ಕುಕೀಗೆ ಆ ಬಣ್ಣ, ಆ ಮೆದು. ಸ್ವಲ್ಪ ಹುಳಿ ಗುಣವೂ ಇದೆ, ಸೋಡಾ ಕೆಲಸ ಮಾಡಲು ಅದು ಬೇಕು.

ಪವಾಯಿ ಎಂಜಿನಿಯರ್

ಮೆಷಿನ್ ಎಷ್ಟು ವಾಟ್?

ಡೊಂಬಿವಲಿ ಸೊಸೆ

ಡಬ್ಬದ ಮೇಲೆ 1000 ವಾಟ್ ಅಂತಿದೆ. ಅಂಗಡಿಯವನು ಅದನ್ನೇ ದೊಡ್ಡದಾಗಿ ಹೇಳಿದ.

ಪವಾಯಿ ಎಂಜಿನಿಯರ್

ವಾಟ್ ನೋಡಿ ಮೆಷಿನ್ ಅಳೆಯಬೇಡಿ. ಅದು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಹೇಳುವ ಲೆಕ್ಕ. ಬೀಟರಿಗೆ ಎಷ್ಟು ಬಲ ತಲುಪುತ್ತದೆ ಅನ್ನುವುದು ಗೇರ್ ಮೇಲೆ ನಿಂತಿದೆ. ಕಿಚನ್‌ಏಡ್ ಅನ್ನುವ ಅಮೆರಿಕದ ಕಂಪನಿಯ ತಲೆ ಎತ್ತುವ ಮೆಷಿನ್‌ಗಳು ಸುಮಾರು 300 ವಾಟ್ ಅಷ್ಟೆ. ಮೋಟರಿನಿಂದ ಗೇರ್ ಮೂಲಕ ನೇರವಾಗಿ ಬೀಟರಿಗೆ ಬಲ ಹೋಗುವ ಕಾರಣ ಅಷ್ಟರಲ್ಲೇ ಗಟ್ಟಿ ಹಿಟ್ಟು ತಿರುಗಿಸುತ್ತವೆ. ಬೆಲ್ಟ್ ಇರುವ ಅಗ್ಗದ ಮೆಷಿನ್‌ಗಳು ಜಾಸ್ತಿ ವಾಟ್ ತೋರಿಸಿದರೂ ಹಿಟ್ಟು ಗಟ್ಟಿಯಾದಾಗ ತಿಣುಕುತ್ತವೆ.

ನೋಡಬೇಕಾದ್ದು ಎರಡು. ಬೀಟರ್ ತನ್ನ ಸುತ್ತ ಒಂದು ಕಡೆಗೆ ತಿರುಗುತ್ತಾ, ಬೌಲಿನ ಒಳಗೆ ವಿರುದ್ಧ ದಿಕ್ಕಿನಲ್ಲಿ ಸುತ್ತು ಹಾಕಬೇಕು. ಆಗಲೇ ಬೌಲಿನ ಎಲ್ಲ ಮೂಲೆಗೂ ಅದು ತಲುಪುವುದು. ಇನ್ನೊಂದು, ಒಟ್ಟಿಗೆ ಎಷ್ಟು ನಿಮಿಷ ಓಡಿಸಬಹುದು ಅಂತ ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತಾರೆ. ಅಷ್ಟು ಹೊತ್ತು ಓಡಿಸಿ ವಿರಾಮ ಕೊಡಿ ಅಂತಾರೆ. ಅದನ್ನು ಪಾಲಿಸಲೇಬೇಕು. ಇಲ್ಲದಿದ್ದರೆ ವಾರಂಟಿ ಕೇಳಲು ಹೋದಾಗ ಜಗಳ.

ಕರೆಂಟಿನ ಮಾತೂ ಹೇಳಿಬಿಡುತ್ತೇನೆ. 6 ಆಂಪಿಯರ್ ಪಾಯಿಂಟಿಗೆ ಸುಮಾರು 1380 ವಾಟ್ ತನಕ ನಡೆಯುತ್ತದೆ, ಮಿಕ್ಸರಿಗೆ ಅದು ಸಾಕು. ಓಟಿಜಿ ಅದಕ್ಕಿಂತ ಜಾಸ್ತಿ ಎಳೆಯುವುದಾದರೆ 16 ಆಂಪಿಯರ್ ಪಾಯಿಂಟೇ ಬೇಕು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ. ನಮ್ಮ ಹಳೆಯ ಕಟ್ಟಡಗಳ ವೈರಿಂಗ್ ಅದನ್ನು ತಡೆಯುವುದಿಲ್ಲ. ದಯವಿಟ್ಟು.

ಮೀರಾ ರೋಡ್ ಮಂಗ್ಳೂರಿಯನ್

ಅಮೆರಿಕದಿಂದ ತಮ್ಮ ಬರುವಾಗ ಕಿಚನ್‌ಏಡ್ ತರಲಾ ಅಂತ ಕೇಳುತ್ತಿದ್ದಾನೆ. ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತದಂತೆ.

ಪವಾಯಿ ಎಂಜಿನಿಯರ್

ಬೇಡ ಅನ್ನಿ. ಅಲ್ಲಿ 120 ವೋಲ್ಟ್, ಇಲ್ಲಿ 230. ನೇರ ಪ್ಲಗ್ಗಿಗೆ ಹಾಕಿದರೆ ಸುಟ್ಟು ಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೆ ನಡೆಯುತ್ತದೆ, ಆದರೆ ಅದೇ ಕೆಲವು ಕಿಲೋ ತೂಗುತ್ತದೆ, ಕಟ್ಟೆ ಮೇಲೆ ಅದಕ್ಕೂ ಜಾಗ ಬೇಕು.

ಅಂದ ಹಾಗೆ ಈ ಮೆಷಿನ್ ಹುಟ್ಟಿದ್ದೇ ಬೇಕರಿಯಿಂದ. ಅಮೆರಿಕದ ಒಹಾಯೋದಲ್ಲಿ ಹೋಬಾರ್ಟ್ ಅಂತ ಕಂಪನಿ. ಅಲ್ಲಿನ ಎಂಜಿನಿಯರ್ ಹರ್ಬರ್ಟ್ ಜಾನ್ಸ್ಟನ್ 1908ರಲ್ಲಿ ಒಬ್ಬ ಬೇಕರ್ ದೊಡ್ಡ ಸೌಟಿನಿಂದ ಬ್ರೆಡ್ ಹಿಟ್ಟು ಕಲಸುವುದನ್ನು ನೋಡಿ ಇದರ ಬಗ್ಗೆ ಯೋಚಿಸಿದ ಅಂತ ಹೇಳುತ್ತಾರೆ. ಮೊದಲು ಬೇಕರಿಗಳಿಗೆ ದೊಡ್ಡ ಮೆಷಿನ್ ಬಂತು, ಅಮೆರಿಕದ ನೌಕಾಪಡೆಯ ಹಡಗುಗಳೂ ಕೊಂಡುಕೊಂಡವು. ಮನೆಗೆ ಅಂತ ಚಿಕ್ಕದು ಬಂದದ್ದು 1919ರಲ್ಲಿ. ಬ್ರಿಟನ್ನಿನ ಕೆನ್‌ವುಡ್ ಶೆಫ್ ಮಿಕ್ಸರ್ ಬಂದದ್ದು 1950ರಲ್ಲಿ.

ಬೋರಿವಲಿ ಭಟ್ರು

ಹಡಗಿನವರಿಗೆ ಬೇಕು, ಒಪ್ಪಿದೆ. ನಾಲ್ಕು ಜನರ ಮನೆಗೆ ಯಾಕೆ ಅಂತ ನನ್ನ ಪ್ರಶ್ನೆ ಹಾಗೇ ಇದೆ. ನಮ್ಮ ಅಮ್ಮ ನಾನ್‌ಖಟಾಯಿಗೆ ತುಪ್ಪ, ಸಕ್ಕರೆಯನ್ನು ಅಗಲ ತಟ್ಟೆಯಲ್ಲಿ ಹಾಕಿ ಅಂಗೈಯಿಂದ ತಿಕ್ಕುತ್ತಿದ್ದರು. ಬೆಳ್ಳಗಾಗುವ ತನಕ ಬಿಡುತ್ತಿರಲಿಲ್ಲ. ಅಂಥ ನಾನ್‌ಖಟಾಯಿ ಈಗ ಯಾವ ಮೆಷಿನ್ ಮಾಡುತ್ತದೆ ಹೇಳಿ.

ಅಂಧೇರಿ ಅಮ್ಮ

ಅಮ್ಮ ತಿಕ್ಕಿದರು ನಿಜ, ಭಟ್ರೇ. ಅವರ ಕೈ ಎಷ್ಟು ನೋಯುತ್ತಿತ್ತು ಅಂತ ಯಾವತ್ತಾದರೂ ಕೇಳಿದ್ದೀರಾ? ನನಗೆ ಮೊಣಕೈ ನೋವು. ಮರದ ಸೌಟು ಹಿಡಿದು ಹತ್ತು ನಿಮಿಷ ತಿರುಗಿಸಲು ನನ್ನಿಂದ ಆಗುವುದಿಲ್ಲ. ನನ್ನಂಥವರಿಗೆ ಈ ಮೆಷಿನ್ ಇದ್ದರೆ ಮಾತ್ರ ಬೇಕಿಂಗ್.

ಠಾಣೆ ಬೇಕರಮ್ಮ

ಅಂಧೇರಿ ಅಮ್ಮನ ಮಾತಿಗೆ ನೂರು ಸಲ ಹೌದು.

ಭಟ್ರ ಮಾತಿನಲ್ಲೂ ಒಂದು ಸತ್ಯ ಇದೆ, ಅದನ್ನೂ ಹೇಳುತ್ತೇನೆ. ಅಂಗೈಗೆ ಬೆಣ್ಣೆಯ ಹದ ಗೊತ್ತಾಗುತ್ತದೆ, ಮೆಷಿನ್ನಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಗಡಿಯಾರ ನೋಡಿ ಬೀಟ್ ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಎಸಿಯಲ್ಲಿ ಕೂತು ರೆಸಿಪಿ ಬರೆದವರು ಐದು ನಿಮಿಷ ಅಂತಾರೆ. ಮುಂಬೈ ಅಡುಗೆಮನೆಯಲ್ಲಿ ಅಷ್ಟು ಹೊತ್ತು ತಿರುಗಿಸಿದರೆ ಬೆಣ್ಣೆ ಸೋತು ಹೋಗುತ್ತದೆ. ಒಂದು ನಿಮಿಷಕ್ಕೆ ನಿಲ್ಲಿಸಿ, ಸ್ಪ್ಯಾಚುಲಾದಿಂದ ಬದಿ, ತಳ ಎಲ್ಲ ಕೆರೆದು ನಡುವೆ ತಳ್ಳಿ, ಬೌಲಿನ ಹೊರಗೆ ಕೈಯಿಟ್ಟು ನೋಡಿ. ಬಣ್ಣ ತಿಳಿಯಾಗಿದೆಯಾ, ಇನ್ನೂ ತಣ್ಣಗಿದೆಯಾ? ಇದ್ದರೆ ಇನ್ನೊಂದು ನಿಮಿಷ. ಕುಕೀಗೆ ಕೇಕಿನಷ್ಟು ಗಾಳಿ ಬೇಡ. ಜಾಸ್ತಿ ಗಾಳಿ ತುಂಬಿದರೆ ಓವನ್ನಿನಲ್ಲಿ ಉಬ್ಬಿ ಆಮೇಲೆ ಕುಸಿದು ಹರಡುತ್ತದೆ. ಮಿಶ್ರಣ ಹೊಳೆಯತೊಡಗಿದರೆ ತಕ್ಷಣ ನಿಲ್ಲಿಸಿ ಬೌಲನ್ನೇ ಫ್ರಿಜ್ಜಿಗಿಡಿ, ಹತ್ತು ನಿಮಿಷ ಬಿಟ್ಟು ಮುಂದುವರಿಸಿ.

ಮೈದಾ ಹಾಕಿದ ಮೇಲೆ ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಬೇಕು. ಹೊಸ ಮೆಷಿನ್ ಇದೆ ಅಂತ ತಿರುಗಿಸುತ್ತಾ ಇದ್ದರೆ ಮೈದಾದಲ್ಲಿ ಗ್ಲುಟೆನ್ ಅನ್ನುವ ಅಂಟು ಪ್ರೋಟೀನ್ ಎಳೆ ಕಟ್ಟಿ ಕುಕೀ ರಬ್ಬರಾಗುತ್ತದೆ.

ವಾಶಿ ವಿದ್ಯಾರ್ಥಿ

ಉಪ್ಪಿರುವ ಅಮೂಲ್ ಬೆಣ್ಣೆ ಹಾಕಬಹುದಾ? ನಮ್ಮ ಹಾಸ್ಟೆಲ್ ಹತ್ತಿರ ಅದೇ ಸಿಗುವುದು.

ಕೋಥ್ರೂಡ್ ಕನ್ನಡಿಗ

ಹಾಕಬಹುದು. ಬೇರೆ ಉಪ್ಪು ಹಾಕಬೇಡಿ ಅಷ್ಟೆ. ಚಾಕೊಲೇಟ್ ಜೊತೆ ಆ ಉಪ್ಪು ಚೆನ್ನಾಗಿಯೇ ಇರುತ್ತದೆ. ಬೆಣ್ಣೆ ಬಿಸ್ಕತ್ತಿಗೆ ಮಾತ್ರ ಉಪ್ಪಿಲ್ಲದ್ದು ತಗೊಳ್ಳಿ, ಇಲ್ಲದಿದ್ದರೆ ಉಪ್ಪೇ ಮುಂದೆ ಬರುತ್ತದೆ.

ಧಾರವಾಡದ ಅಕ್ಕ, ಪುಣೆ

ಮನೆಯಲ್ಲಿ ಕಡೆದ ಬೆಣ್ಣೆ?

ಠಾಣೆ ಬೇಕರಮ್ಮ

ಅಕ್ಕ, ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ಅಂಗಡಿ ಬೆಣ್ಣೆಯಲ್ಲಿ ಕೊಬ್ಬು ಕನಿಷ್ಠ 80 ಭಾಗ, ನೀರು 16 ಭಾಗದೊಳಗೆ ಇರಬೇಕು ಅಂತ ನಿಯಮ ಇದೆ. ಮನೆ ಬೆಣ್ಣೆಯಲ್ಲಿ ನೀರು ಎಷ್ಟಿದೆ ಅಂತ ಲೆಕ್ಕ ಸಿಗುವುದಿಲ್ಲ. ಒಮ್ಮೆ ಗಟ್ಟಿ ಕುಕೀ, ಒಮ್ಮೆ ಹರಡಿದ ಕುಕೀ ಆಗುತ್ತದೆ. ಅದನ್ನು ಕಾಯಿಸಿ ತುಪ್ಪ ಮಾಡಿ ನಾನ್‌ಖಟಾಯಿಗೆ ಬಳಸಿ. ತುಪ್ಪದಲ್ಲಿ ನೀರೇ ಇಲ್ಲ, ಗ್ಲುಟೆನ್ ಕಟ್ಟುವುದಿಲ್ಲ, ಅದಕ್ಕೇ ನಾನ್‌ಖಟಾಯಿ ಹಾಗೆ ಪುಡಿಪುಡಿಯಾಗಿ ಬಾಯಲ್ಲಿ ಬಿಡುವುದು.

ಧಾರವಾಡದ ಅಕ್ಕ, ಪುಣೆ

ಒಳ್ಳೆ ಮಾತು. ಕೆನೆ ಕಡೆಯಲು ನಾನು ಈ ಮೆಷಿನ್ನಿನ ವಿಸ್ಕ್ ಬಳಸುತ್ತೇನೆ. ಬೆಣ್ಣೆ ಬೇರೆಯಾಗುವ ಹೊತ್ತಿಗೆ ಮಜ್ಜಿಗೆ ಸಿಡಿಯುತ್ತದೆ, ಬೌಲಿಗೆ ಒಂದು ಬಟ್ಟೆ ಮುಚ್ಚಬೇಕು.

ಸೊಸೆ, ಕುಕೀ ಆದ ಮೇಲೆ ಹೋಳಿಗೆ ಕಣಕ ಮಾಡಿ ನೋಡವ್ವ. ಇಡೀ ಮೆಷಿನ್ ಬೆಲೆ ನನಗೆ ಅದರಲ್ಲೇ ಬಂತು ಅನಿಸಿದೆ. ಕಣಕಕ್ಕೆ ಮೈದಾ, ಚಿರೋಟಿ ರವೆ, ಅರಿಸಿನ, ಉಪ್ಪು, ನೀರು ಹಾಕಿ ಹುಕ್‌ನಿಂದ ಕಡಿಮೆ ಸ್ಪೀಡಿನಲ್ಲಿ ನಾದಿಸಿ. ನಡುನಡುವೆ ಎಣ್ಣೆ. ಕೈಯಲ್ಲಿ ಜಿಗುಟು ಜಿಗುಟು ಅಂತ ಬೇಸರ ಬರುವ ಕೆಲಸ, ಮೆಷಿನ್ನಿನಲ್ಲಿ ಎಳೆದರೆ ಹರಿಯದ ಹಾಗೆ ಬರುತ್ತದೆ. ಚಪಾತಿ ಹಿಟ್ಟೂ ಆಗುತ್ತದೆ, ಅರ್ಧ ಕಿಲೋಗಿಂತ ಕಡಿಮೆ ಇದ್ದರೆ ಹುಕ್ಕಿಗೆ ಸಿಗುವುದಿಲ್ಲ. ಜೋಳದ ರೊಟ್ಟಿಗೆ ಮಾತ್ರ ಇದನ್ನು ಮುಟ್ಟಿಸಬೇಡಿ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೆ ಕುದಿಯುವ ನೀರು, ಕೈಯ ಒತ್ತಡ, ಅವೇ ಬೇಕು.

ಡೊಂಬಿವಲಿ ಸೊಸೆ

ಮಾಡಿದೆ! ವಿವರವಾಗಿ ಬರೆಯುತ್ತೇನೆ, ನೀವೆಲ್ಲ ಇಷ್ಟು ಹೇಳಿಕೊಟ್ಟಿದ್ದೀರಿ.

ಬೆಣ್ಣೆ 200 ಗ್ರಾಂ, ಉಳಿದದ್ದೂ ಎರಡರಷ್ಟು. ಬೌಲ್, ಬೀಟರ್ ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಣ್ಣೆ ತುಂಡು ಹಾಕಿ ನಡುವಿನ ಸ್ಪೀಡಿನಲ್ಲಿ ಶುರು ಮಾಡಿದಾಗ ಮೊದಲು ಬೀಟರಿಗೆ ಅಂಟಿಕೊಂಡು ಧಡ ಧಡ ಅಂತು. ಆಮೇಲೆ ಹರಡಿಕೊಂಡಿತು. ಬೇಕರಮ್ಮ ಹೇಳಿದ ಹಾಗೆ ನಿಲ್ಲಿಸಿ ಕೆರೆದೆ, ಮುಟ್ಟಿ ನೋಡಿದೆ. ಎರಡನೇ ಸಲ ನಿಲ್ಲಿಸಿದಾಗಲೇ ಬಣ್ಣ ಬಿಳಿಚಿಕೊಂಡಿತ್ತು, ಬೌಲ್ ಇನ್ನೂ ತಣ್ಣಗಿತ್ತು. ಅಲ್ಲಿಗೆ ಬಿಟ್ಟೆ. ಹಾಲು ಹಾಕಿ ಒಂದು ಸುತ್ತು. ಮೈದಾ ಹಾಕುವಾಗ ಮೊದಲ ಸ್ಪೀಡು ನಿಜವಾಗಿಯೂ ನಿಧಾನ ಇದೆ, ಹಿಟ್ಟು ಹಾರಲಿಲ್ಲ. ಚಿಪ್ಸ್ ಹಾಕಿದಾಗ ತಲೆ ಸ್ವಲ್ಪವೂ ಎಗರಲಿಲ್ಲ. ಮೋಟರ್ ಮೇಲೆ ಕೈ ಇಟ್ಟರೆ ಉಗುರುಬೆಚ್ಚಗೆ ಅಷ್ಟೆ.

ಅರ್ಧ ಹಿಟ್ಟನ್ನು ಆಗಲೇ ಉಂಡೆ ಮಾಡಿ 170 ಡಿಗ್ರಿಯಲ್ಲಿ 12 ನಿಮಿಷ ಬೇಯಿಸಿದೆ. ಉಳಿದರ್ಧ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಅದೇ ಟ್ರೇಯಲ್ಲಿ, ಅಷ್ಟೇ ಶಾಖ, ಅಷ್ಟೇ ಹೊತ್ತು. ಎಷ್ಟು ವ್ಯತ್ಯಾಸ ಅಂದರೆ ಎರಡೂ ಒಂದೇ ಹಿಟ್ಟು ಅಂತ ಮನೆಯವರು ನಂಬಲಿಲ್ಲ. ಮೊದಲಿನದು ತೆಳ್ಳಗೆ ಹರಡಿ ಅಂಚು ಕೆಂಪಾಯಿತು. ಎರಡನೆಯದು ದಪ್ಪಗೆ, ಮೇಲೆ ಬಿರುಕು ಬಿಟ್ಟು, ನಡುವೆ ಮೆತ್ತಗೆ. ಮಾವನಿಗೆ ತೆಳ್ಳಗಿನದೇ ಇಷ್ಟವಾಯಿತು, ಚಹಾಕ್ಕೆ ಅದೇ ಸರಿ ಅಂದರು. ಮಕ್ಕಳು ದಪ್ಪದ್ದು ಖಾಲಿ ಮಾಡಿದರು.

ಮೆಷಿನ್ ಇಟ್ಟುಕೊಳ್ಳುತ್ತಿದ್ದೇವೆ.

ಅಂಧೇರಿ ಅಮ್ಮ

ತುಂಬಾ ಖುಷಿಯಾಯಿತು ಮಗಳೇ!

ಕೋಥ್ರೂಡ್ ಕನ್ನಡಿಗ

ಒಂದೇ ಹಿಟ್ಟಲ್ಲಿ ಎರಡು ಥರ ಬೇಯಿಸಿದ್ದು ಬಹಳ ಒಳ್ಳೆ ಕೆಲಸ. ಬೆಣ್ಣೆ ಗಟ್ಟಿ ಇದ್ದರೆ ಓವನ್ನಿನಲ್ಲಿ ನಿಧಾನಕ್ಕೆ ಕರಗುತ್ತದೆ, ಅದು ಹರಡುವ ಮೊದಲೇ ಅಂಚು ಗಟ್ಟಿಯಾಗಿ ನಿಂತುಬಿಡುತ್ತದೆ. ಆ ಒಂದು ಗಂಟೆಯಲ್ಲಿ ಮೈದಾ ನೀರನ್ನೂ ಹೀರಿಕೊಂಡಿರುತ್ತದೆ. ಇನ್ನೊಂದು ವಿಷಯ, ಮುಂಬೈ ಗಾಳಿಯಲ್ಲಿ ಕುಕೀ ಬೇಗ ಮೆತ್ತಗಾಗುತ್ತದೆ. ಪೂರ್ತಿ ಆರಿದ ಕೂಡಲೇ ಗಾಳಿಯಾಡದ ಡಬ್ಬಕ್ಕೆ ಹಾಕಿ. ಬಿಸಿ ಇದ್ದಾಗ ಹಾಕಿದರೆ ಒಳಗೇ ಬೆವರುತ್ತದೆ.

ಮಾಟುಂಗಾ ಮಾಮ

ಬೀಟರ್ ಯಾವ ಲೋಹದ್ದು ನೋಡಿ. ಕೋಟಿಂಗ್ ಇಲ್ಲದ ಅಲ್ಯೂಮಿನಿಯಂ ಆದರೆ ಡಿಶ್‌ವಾಶರಿಗೆ ಹಾಕಬೇಡಿ. ಅದಕ್ಕೆ ಹಾಕುವ ಸೋಪಿನ ಪುಡಿಯ ಕ್ಷಾರಕ್ಕೆ ಕಪ್ಪಾಗಿ ಆಮೇಲೆ ಹಿಟ್ಟಿಗೂ ಬೂದು ಬಣ್ಣ ಬಿಡುತ್ತದೆ. ಕೈಯಲ್ಲಿ ತೊಳೆದು ಕೂಡಲೇ ಒರೆಸಿ.

ಬೋರಿವಲಿ ಭಟ್ರು

ಚೆನ್ನಾಗಿ ಬಂತಲ್ಲ, ಸಂತೋಷ. ಆದರೂ ನಾನ್‌ಖಟಾಯಿ ಬೇಕರಿ ಭಟ್ಟಿಯಲ್ಲೇ ಬೇಯಬೇಕು ಅನ್ನುವ ಮಾತು ನಾನು ಬಿಡುವುದಿಲ್ಲ. ದೀಪಾವಳಿ ಮುಂಚೆ ನಮ್ಮ ಚಾಳಿನ (ಸಾಲು ಕೋಣೆಗಳ ಹಳೆಯ ಕಟ್ಟಡದ) ಹೆಂಗಸರೆಲ್ಲ ಮೈದಾ, ತುಪ್ಪ, ಸಕ್ಕರೆ ಡಬ್ಬ ಹೊತ್ತು ಹತ್ತಿರದ ಬೇಕರಿಗೆ ಹೋಗುತ್ತಿದ್ದರು. ಅಲ್ಲೇ ಕೂತು ಉಂಡೆ ಕಟ್ಟಿ, ಅವರ ದೊಡ್ಡ ಟ್ರೇಗಳಲ್ಲಿ ಜೋಡಿಸಿ ಭಟ್ಟಿಗೆ ಕೊಡುವುದು. ಸರದಿ ಬರುವ ತನಕ ಮಾತೇ ಮಾತು. ಕಟ್ಟಿಗೆಯ ಆ ಪರಿಮಳ ಓಟಿಜಿಯಲ್ಲಿ ಎಲ್ಲಿಂದ ಬರಬೇಕು?

ಮೀರಾ ರೋಡ್ ಮಂಗ್ಳೂರಿಯನ್

ನಾವೂ ಕ್ರಿಸ್ಮಸ್ ಕುಸ್ವಾರಿಗೆ (ಹಬ್ಬದ ತಿಂಡಿಗಳಿಗೆ) ಹಾಗೇ ಹೋಗುತ್ತಿದ್ದೆವು ಭಟ್ರೇ. ಈಗ ಕಟ್ಟಿಗೆ ಭಟ್ಟಿಗಳೂ ಹೋಗುತ್ತಿವೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಕಟ್ಟಿಗೆ, ಇದ್ದಿಲು ಬಳಸುವ ಬೇಕರಿಗಳು 6 ತಿಂಗಳಲ್ಲಿ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕು ಅಂತ ಹೇಳಿತು.

ಪವಾಯಿ ಎಂಜಿನಿಯರ್

ಆಗಬೇಕಾದ್ದೇ ಅದು. ಹಳೆಯ ಪೀಠೋಪಕರಣದ ಮರ, ಬಣ್ಣ ಹಚ್ಚಿದ ಹಲಗೆ ಎಲ್ಲ ಸುಡುತ್ತಾರೆ. ಬೇಕರಿ ಪಕ್ಕದ ಮನೆಯಲ್ಲಿ ಮಕ್ಕಳಿದ್ದರೆ ಆ ಹೊಗೆಯ ಕಷ್ಟ ಗೊತ್ತಾಗುತ್ತದೆ.

ಬೋರಿವಲಿ ಭಟ್ರು

ಹೊಗೆ ಬೇಡ, ಒಪ್ಪುತ್ತೇನೆ. ಆದರೆ ಖರ್ಚು ಯಾರು ಹೊರಬೇಕು? ಚಿಕ್ಕ ಪಾವ್ ಬೇಕರಿಯವನಿಗೆ ಹೊಸ ಓವನ್ ಹಾಕಿಸಲು ಕೈಲಾಗದಿದ್ದರೆ ಅವನು ಅಂಗಡಿ ಮುಚ್ಚುತ್ತಾನೆ. ಅವನಿಗೆ ಸಹಾಯ ಮಾಡಿ ಬದಲಾಯಿಸಲಿ.

ವಾಸ್ಕೋ ವಾಸಿ

ಗೋವಾದಲ್ಲೂ ಇದೇ ಮಾತು ನಡೆಯುತ್ತಿರುತ್ತದೆ, ಇಲ್ಲಿ ಬ್ರೆಡ್ ಮಾಡುವ ಪೊದೇರ್‌ಗಳ ಕಟ್ಟಿಗೆ ಭಟ್ಟಿ ಬಗ್ಗೆ.

ಸೊಸೆ, ಮುಂದೆ ಬೊಲಿನ್ಯಾಸ್ ಮಾಡಿ ನೋಡಿ. ಗೋವಾದ ರವೆ, ತೆಂಗಿನಕಾಯಿಯ ಕುಕೀ. ನಮ್ಮವರಿಗೆ ಬಹಳ ಹಿಡಿಸುತ್ತದೆ. ಕಾಯಿ ನುಣ್ಣಗೆ ರುಬ್ಬಿ, ಸಕ್ಕರೆ ಪಾಕದಲ್ಲಿ ರವೆ ಜೊತೆ ಕಾಯಿಸಿ ಆರಿಸಬೇಕು. ಆರಿದ ಮೇಲೆ ಮೊಟ್ಟೆಯ ಹಳದಿ, ಬೆಣ್ಣೆ, ಏಲಕ್ಕಿ ಹಾಕಿ ಚಪ್ಪಟೆ ಬೀಟರಿನಿಂದ ಕಲಸಿ. ಮುದ್ದೆ ಬಹಳ ಗಟ್ಟಿ, ಮೆಷಿನ್ನಿಗೆ ನಿಜವಾದ ಪರೀಕ್ಷೆ ಅದು. ರಾತ್ರಿಯಿಡೀ ಬಿಟ್ಟರೆ ರವೆ ನೆನೆಯುತ್ತದೆ. ಬೆಳಿಗ್ಗೆ ಉಂಡೆ ಮಾಡಿ, ಫೋರ್ಕಿನಿಂದ ಮೇಲೆ ಅಡ್ಡಡ್ಡ ಗೆರೆ ಒತ್ತಿ ಬೇಯಿಸುವುದು. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುತ್ತಿರುತ್ತದೆ, ಅದಕ್ಕೆ ಓವನ್ ಹಚ್ಚುವ ಮುಂಚೆ ಎಲ್ಲ ಉಂಡೆ ಸಿದ್ಧ ಇಟ್ಟುಕೊಳ್ಳುತ್ತೇನೆ.

ಡೊಂಬಿವಲಿ ಸೊಸೆ

ಕೇಳಿದರೇ ಆಸೆಯಾಗುತ್ತದೆ. ಮೊಟ್ಟೆ ಬಿಟ್ಟು ಮಾಡಲು ಬರುತ್ತಾ ಅಣ್ಣ?

ವಾಸ್ಕೋ ವಾಸಿ

ಬರುತ್ತದೆ. ಹಳದಿಯ ಬದಲು ಸ್ವಲ್ಪ ಗಟ್ಟಿ ಮೊಸರು, ಬೆಣ್ಣೆ ಒಂದು ಚಮಚ ಜಾಸ್ತಿ. ಬಣ್ಣ ಅಷ್ಟು ಬರುವುದಿಲ್ಲ, ರುಚಿ ಚೆನ್ನಾಗಿರುತ್ತದೆ. ರವೆ ಸಣ್ಣದೇ ಇರಲಿ, ಇಡ್ಲಿ ರವೆ ಹಾಕಬೇಡಿ. ಮೊಸರು ಹಾಕಿದ ಮೇಲೆ ರಾತ್ರಿ ಫ್ರಿಜ್ಜಿನಲ್ಲೇ ಇಡಿ, ಡೊಂಬಿವಲಿ ಸೆಖೆಯಲ್ಲಿ ಹೊರಗೆ ಬಿಟ್ಟರೆ ಹುಳಿಯಾಗುತ್ತದೆ.